ಜೀನುಗಳ ನೆಂಟಸ್ತಿಕೆ: ಮಾನವ ಜೀನಿನ ಬಂಧುವನ್ನು ಮಾದರಿ ಜೀವಿಯಲ್ಲಿ ಗುರುತಿಸುವ ಕ್ರಮ

ಒಂದು ಜೀನ್ ದೇಹದಲ್ಲಿ ಯಾವ ಕೆಲಸ ಮಾಡುತ್ತದೆ ಎಂಬುದನ್ನು ಅರಿಯಲು ಅದನ್ನು ಕೆಡಿಸಿ ಪರಿಣಾಮವನ್ನು ನೋಡುವುದಕ್ಕಿಂತ ನೇರವಾದ ದಾರಿ ಇಲ್ಲ. ಮನುಷ್ಯರ ಮೇಲೆ ಅಂಥ ಪ್ರಯೋಗ ಸಲ್ಲದಾದ್ದರಿಂದ ಜೀವವಿಜ್ಞಾನವು ಬೇಗ ಬೆಳೆಯುವ, ಕಡಿಮೆ ಖರ್ಚಿನಲ್ಲಿ ಸಾಕಬಹುದಾದ, ಜೀನುಗಳನ್ನು ಬೇಕಾದಂತೆ ತಿದ್ದಲು ಒದಗುವ ಕೆಲವೇ ಜೀವಿಗಳನ್ನು ಆರಿಸಿಕೊಂಡು ಅವುಗಳಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಬಂದಿದೆ. ಯೀಸ್ಟ್, ಸಿ. ಎಲೆಗನ್ಸ್ ಎಂಬ ದುಂಡುಹುಳು, ಡ್ರೊಸೊಫಿಲಾ ಎಂಬ ಹಣ್ಣುನೊಣ, ಜೀಬ್ರಾಮೀನು, ಇಲಿ ಮುಂತಾದ ಇವುಗಳಿಗೆ ಮಾದರಿ ಜೀವಿಗಳೆಂದು ಹೆಸರು. 1996ರಲ್ಲಿ ಯೀಸ್ಟ್, 1998ರಲ್ಲಿ ದುಂಡುಹುಳು, 2000ದಲ್ಲಿ ಹಣ್ಣುನೊಣ, 2001ರಲ್ಲಿ ಮಾನವ, 2002ರಲ್ಲಿ ಇಲಿ, ಹೀಗೆ ಒಂದೊಂದರ ಜೀನೋಮ್, ಅಂದರೆ ಸಮಗ್ರ ಆನುವಂಶಿಕ ಪಠ್ಯ, ಪ್ರಕಟವಾಗುತ್ತ ಹೋದಂತೆ, ಮಾನವನ ಸುಮಾರು 20,000 ಪ್ರೋಟೀನ್ ಜೀನುಗಳಲ್ಲಿ ಯಾವುದಕ್ಕೆ ಯಾವ ಜೀವಿಯಲ್ಲಿ ಬಂಧುವಿದೆ ಎಂಬುದನ್ನು ಪ್ರಯೋಗಾಲಯಕ್ಕೆ ಕಾಲಿಡುವ ಮೊದಲೇ ಕಂಪ್ಯೂಟರಿನ ಮುಂದೆ ಕುಳಿತು ತಿಳಿಯುವುದು ಸಾಧ್ಯವಾಯಿತು. ಆದರೆ ಈ ಕೆಲಸ ಸುಲಭವಾದಷ್ಟೂ ಅದರಲ್ಲಿ ಆಗುವ ತಪ್ಪುಗಳೂ ಸುಲಭವಾಗಿವೆ. ಹೋಲಿಕೆಯನ್ನು ನೆಂಟಸ್ತಿಕೆಯೆಂದೂ, ನೆಂಟಸ್ತಿಕೆಯನ್ನು ಸಮಾನ ಕೆಲಸವೆಂದೂ ಬಗೆಯುವುದು ಅವುಗಳಲ್ಲಿ ಮುಖ್ಯವಾದವು.

ನೆಂಟಸ್ತಿಕೆಯ ಪದಗಳು

ಒಂದೇ ಪೂರ್ವಜ ಜೀನಿನಿಂದ ಇಳಿದು ಬಂದ ಎಲ್ಲ ಜೀನುಗಳಿಗೂ ಹೋಮೋಲಾಗ್ ಎಂಬ ಸಾಮಾನ್ಯ ಹೆಸರಿದೆ. ಇವುಗಳೊಳಗೆ ಎರಡು ಬಗೆಗಳನ್ನು ಬೇರ್ಪಡಿಸಿ 1970ರಲ್ಲಿ ವಾಲ್ಟರ್ ಫಿಚ್ ಎಂಬ ವಿಜ್ಞಾನಿ ಹೆಸರಿಟ್ಟರು. ಒಂದು ಪ್ರಭೇದ ಎರಡಾಗಿ ಕವಲೊಡೆದಾಗ ಎರಡೂ ಕವಲುಗಳಿಗೆ ಹಂಚಿಹೋದ ಒಂದೇ ಜೀನಿನ ರೂಪಗಳು ಆರ್ಥೊಲಾಗ್‌ಗಳು. ಒಂದೇ ಜೀನೋಮಿನೊಳಗೆ ಜೀನ್ ನಕಲಾಗಿ ಒಂದಿದ್ದದ್ದು ಎರಡಾದಾಗ ಹುಟ್ಟಿದ ರೂಪಗಳು ಪ್ಯಾರಾಲಾಗ್‌ಗಳು. ಮಾದರಿ ಜೀವಿಯಲ್ಲಿ ಹುಡುಕಬೇಕಾದದ್ದು ಸಾಮಾನ್ಯವಾಗಿ ಆರ್ಥೊಲಾಗನ್ನು, ಏಕೆಂದರೆ ನಕಲಾದ ಜೋಡಿಯಲ್ಲಿ ಒಂದು ಹಳೆಯ ಕೆಲಸವನ್ನು ನಡೆಸಿಕೊಂಡು ಹೋದರೆ ಇನ್ನೊಂದಕ್ಕೆ ಹೊಸ ಕೆಲಸ ಹಿಡಿಯುವ ಬಿಡುವು ಸಿಗುತ್ತದೆ. ಹೋಮೋಲಾಗ್ ಎಂಬುದು ಇದೆ ಅಥವಾ ಇಲ್ಲ ಎನ್ನುವ ಸಂಬಂಧವೇ ಹೊರತು ಅಳತೆಯಲ್ಲ. ಎರಡು ಜೀನುಗಳು ಶೇ. 70ರಷ್ಟು ಹೋಮೋಲಾಗ್ ಎನ್ನುವುದು ಇಬ್ಬರು ಶೇ. 70ರಷ್ಟು ಅಣ್ಣತಮ್ಮಂದಿರು ಎಂದಷ್ಟೇ ಅಸಂಬದ್ಧವಾದ ಮಾತಾದರೂ ಪ್ರಕಟಿತ ಲೇಖನಗಳಲ್ಲಿಯೂ ಅದು ಆಗಾಗ ತಲೆ ಹಾಕುತ್ತದೆ. ಶೇಕಡಾವಾರು ಹೇಳಬಹುದಾದದ್ದು ಹೋಲಿಕೆಯನ್ನು ಮಾತ್ರ.

ಭಾಷಾವಿಜ್ಞಾನ ಬಲ್ಲ ಕನ್ನಡ ಓದುಗರಿಗೆ ಈ ವ್ಯತ್ಯಾಸ ಹೊಸದಲ್ಲ. ಕನ್ನಡದ ‘ಹಾಲು’, ತಮಿಳಿನ ‘ಪಾಲ್’, ತೆಲುಗಿನ ‘ಪಾಲು’ ಒಂದೇ ಮೂಲಪದದ ಮಕ್ಕಳು. ಹಳಗನ್ನಡದ ಪಕಾರ ಮುಂದೆ ಹಕಾರವಾಗಿ ತಿರುಗಿದ್ದರಿಂದ ಕನ್ನಡದ ರೂಪ ಮಾತ್ರ ತುಸು ದೂರ ಸರಿದಂತೆ ಕಾಣುತ್ತದೆ. ಅಕ್ಷರಗಳ ಹೋಲಿಕೆಯನ್ನಷ್ಟೇ ನಂಬಿ ಹಾಲೆಂಬ ಅರ್ಥದ ತೆಲುಗಿನ ‘ಪಾಲು’ ಪದಕ್ಕೆ ಕನ್ನಡದಲ್ಲಿ ಜೋಡಿ ಹುಡುಕುವವರ ಕೈಗೆ ಮೊದಲು ಸಿಗುವುದು ಹಂಚಿಕೆ ಎಂಬ ಅರ್ಥದ ‘ಪಾಲು’; ನಿಜವಾದ ಬಂಧುವಾದ ‘ಹಾಲು’ ಎರಡನೆಯ ಸ್ಥಾನಕ್ಕೆ ಜಾರುತ್ತದೆ. ಜೀನುಗಳ ಹುಡುಕಾಟದಲ್ಲಿ ಪಟ್ಟಿಯ ಮೊದಲ ಸಾಲಿನಲ್ಲಿ ಬಂದದ್ದೆಲ್ಲ ಆರ್ಥೊಲಾಗ್ ಅಲ್ಲ ಎನ್ನುವುದಕ್ಕೂ ಕಾರಣ ಇದೇ.

ಹೆಸರುಗಳಂತೂ ಇದಕ್ಕಿಂತ ದೊಡ್ಡ ಬಲೆ. ಮಾನವ ಜೀನುಗಳ ಸಂಕೇತಗಳನ್ನು ಎಚ್‌ಜಿಎನ್‌ಸಿ ಎಂಬ ಅಂತಾರಾಷ್ಟ್ರೀಯ ಸಮಿತಿ ನಿಗದಿಪಡಿಸುತ್ತದೆ. ಇಲಿ ಮತ್ತು ಜೀಬ್ರಾಮೀನಿನ ಹೆಸರುಗಳು ಬಹುಮಟ್ಟಿಗೆ ಅದನ್ನೇ ಅನುಸರಿಸುತ್ತವೆ. ಆದರೆ ಹಣ್ಣುನೊಣದಲ್ಲಿ ಜೀನ್ ಕೆಟ್ಟಾಗ ನೊಣ ಹೇಗೆ ಕಂಡಿತೋ ಅದೇ ಹೆಸರಾಗಿ ನಿಂತಿದೆ. ಕಣ್ಣಿನ ಬೆಳವಣಿಗೆಯನ್ನು ನಡೆಸುವ ಮಾನವನ ಪ್ಯಾಕ್ಸ್6 ಜೀನಿಗೆ ನೊಣದಲ್ಲಿರುವ ಬಂಧುವಿನ ಹೆಸರು ‘ಐಲೆಸ್’, ಅಂದರೆ ಕಣ್ಣಿಲ್ಲದ್ದು. ಒಂದೇ ಹೆಸರು ಎರಡು ಬೇರೆ ಜೀನುಗಳಿಗೆ ಇರುವುದೂ ಉಂಟು: ವಿದಳನ ಯೀಸ್ಟಿನಲ್ಲಿ ಸಿಡಿಸಿ2 ಎಂದರೆ ಜೀವಕೋಶ ವಿಭಜನೆಯನ್ನು ಹೊರಡಿಸುವ ಕೈನೇಸ್ ಕಿಣ್ವ, ಬ್ರೆಡ್ಡಿನ ಯೀಸ್ಟಿನಲ್ಲಿ ಅದೇ ಹೆಸರು ಡಿಎನ್‌ಎ ನಕಲು ಮಾಡುವ ಪಾಲಿಮರೇಸ್ ಒಂದಕ್ಕೆ ಸಂದಿದ್ದು, ಆ ಕೈನೇಸ್‌ನ ನಿಜವಾದ ಬಂಧುವಿಗೆ ಅಲ್ಲಿ ಸಿಡಿಸಿ28 ಎಂಬ ಹೆಸರಿದೆ. ಆದುದರಿಂದ ಹುಡುಕಾಟವನ್ನು ಹೆಸರಿನಿಂದ ಆರಂಭಿಸಿದರೂ ಕೂಡಲೇ ದತ್ತಸಂಚಯಗಳು ಕೊಡುವ ಬದಲಾಗದ ಗುರುತುಸಂಖ್ಯೆಗೆ ದಾಟುವುದು ಕ್ಷೇಮ. ಸೆಪ್ಟ್ ಮತ್ತು ಮಾರ್ಚ್ ಎಂದು ಆರಂಭವಾಗುವ ಜೀನ್ ಸಂಕೇತಗಳನ್ನು ಎಕ್ಸೆಲ್ ತಂತ್ರಾಂಶವು ತಿಂಗಳ ಹೆಸರೆಂದು ತಿಳಿದು ದಿನಾಂಕವಾಗಿ ಬದಲಿಸಿಬಿಡುತ್ತಿದ್ದುದರಿಂದ 2020ರ ಹೊತ್ತಿಗೆ ಆ ಸಂಕೇತಗಳನ್ನೇ ಬದಲಿಸಬೇಕಾಗಿ ಬಂದದ್ದು ಈ ಕ್ಷೇತ್ರದ ಒಂದು ವಿನೋದ.

ಡಿಸ್ಟ್ರೊಫಿನ್ ಮನೆತನ

ಹುಡುಕಾಟದ ಬಹುತೇಕ ತೊಡಕುಗಳನ್ನು ಒಂದೇ ಕಡೆ ಕಾಣಿಸುವ ಜೀನೆಂದರೆ ಡಿಎಂಡಿ. ಗಂಡುಮಕ್ಕಳಲ್ಲಿ ಬಾಲ್ಯದಲ್ಲೇ ಕಾಣಿಸಿಕೊಂಡು ಸ್ನಾಯುಗಳನ್ನು ಕ್ರಮೇಣ ಸವೆಸುವ ಡುಷೇನ್ ಸ್ನಾಯುಕ್ಷಯಕ್ಕೆ ಇದರಲ್ಲಿನ ಉತ್ಪರಿವರ್ತನೆಗಳೇ ಕಾರಣ. ಎಕ್ಸ್ ವರ್ಣತಂತುವಿನ ಮೇಲೆ ಸುಮಾರು 22 ಲಕ್ಷ ಅಕ್ಷರಜೋಡಿಗಳಷ್ಟು ಉದ್ದಕ್ಕೆ ಚಾಚಿಕೊಂಡಿರುವ ಇದರಲ್ಲಿ 79 ಎಕ್ಸಾನ್‌ಗಳು, ಅಂದರೆ ಅಂತಿಮ ಸಂದೇಶದಲ್ಲಿ ಉಳಿಯುವ ತುಣುಕುಗಳು, ಇವೆ. ಇದು ರೂಪಿಸುವ ಡಿಸ್ಟ್ರೊಫಿನ್ ಪ್ರೋಟೀನಿನ ಪೂರ್ಣ ರೂಪದಲ್ಲಿ 3,685 ಅಮೈನೋ ಆಮ್ಲಗಳಿವೆ. ಸ್ನಾಯುಕೋಶದ ಒಳಗಿನ ಆಕ್ಟಿನ್ ಎಳೆಗಳನ್ನು ಕೋಶಪೊರೆಗೆ ಕಟ್ಟಿ ಹಿಡಿಯುವುದು ಡಿಸ್ಟ್ರೊಫಿನ್ನಿನ ಕೆಲಸ. ಅದರ ಒಂದು ತುದಿ ಆಕ್ಟಿನ್ನನ್ನು ಹಿಡಿದರೆ ಇನ್ನೊಂದು ತುದಿ ಪೊರೆಯಲ್ಲಿನ ಪ್ರೋಟೀನುಗಳ ಗುಂಪನ್ನು ಹಿಡಿಯುತ್ತದೆ. ನಡುವೆ ಸ್ಪೆಕ್ಟ್ರಿನ್ ಮಾದರಿಯ 24 ಪುನರಾವರ್ತಿತ ಭಾಗಗಳು ಸರಪಳಿಯ ಕೊಂಡಿಗಳಂತೆ ಸಾಲಾಗಿ ನಿಂತಿವೆ.

ಮಾನವನಲ್ಲಿ ಡಿಎಂಡಿಗೆ ಯುಟ್ರೊಫಿನ್ ಮತ್ತು ಡಿಆರ್‌ಪಿ2 ಎಂಬ ಇಬ್ಬರು ಹತ್ತಿರದ ಪ್ಯಾರಾಲಾಗ್‌ಗಳಿದ್ದಾರೆ; ತುಸು ದೂರದಲ್ಲಿ, ಪ್ರೋಟೀನಿನ ಕೊನೆಯ ಭಾಗವನ್ನು ಮಾತ್ರ ಹೋಲುವ ಡಿಸ್ಟ್ರೊಬ್ರೆವಿನ್ ಎಂಬ ಇನ್ನೆರಡು ಜೀನುಗಳಿವೆ. ಹಣ್ಣುನೊಣದಲ್ಲಿ ಈ ಐವರ ಬದಲು ಇಬ್ಬರೇ ಇದ್ದಾರೆ: ‘ಡಿಸ್’ ಎಂಬ ಒಂದು ಡಿಸ್ಟ್ರೊಫಿನ್, ‘ಡಿಬ್’ ಎಂಬ ಒಂದು ಡಿಸ್ಟ್ರೊಬ್ರೆವಿನ್. ಇದರಿಂದ ಮನೆತನದ ಚರಿತ್ರೆಯನ್ನು ಓದಬಹುದು. ನೊಣದ ಮತ್ತು ಮನುಷ್ಯನ ಪೂರ್ವಜರು ಬೇರೆಯಾಗುವ ಮೊದಲೇ ಡಿಸ್ಟ್ರೊಫಿನ್ ಮತ್ತು ಡಿಸ್ಟ್ರೊಬ್ರೆವಿನ್ ಶಾಖೆಗಳು ಕವಲೊಡೆದಿದ್ದವು. ಆ ಬಳಿಕ ಕಶೇರುಕಗಳ ಸಾಲಿನಲ್ಲಿ ಡಿಸ್ಟ್ರೊಫಿನ್ ಶಾಖೆ ಮತ್ತೆ ಮೂರಾಯಿತು. ಆದ್ದರಿಂದ ನೊಣದ ‘ಡಿಸ್’ ಮಾನವನ ಡಿಎಂಡಿಗೆ ಮಾತ್ರವಲ್ಲದೆ ಯುಟ್ರೊಫಿನ್‌ಗೂ ಡಿಆರ್‌ಪಿ2ಗೂ ಏಕಕಾಲಕ್ಕೆ ಆರ್ಥೊಲಾಗ್. ‘ಡಿಬ್’ ಡಿಎಂಡಿಗೆ ಹೋಮೋಲಾಗ್ ಆದರೂ ಆರ್ಥೊಲಾಗ್ ಅಲ್ಲ. ದತ್ತಸಂಚಯಗಳು ಇಂಥ ಸಂಬಂಧವನ್ನು ‘ಒಂದಕ್ಕೆ ಹಲವು’ ಎಂದು ಗುರುತಿಸುತ್ತವೆ. ಎರಡೂ ಕಡೆ ನಕಲಾಗಿದ್ದರೆ ‘ಹಲವಕ್ಕೆ ಹಲವು’, ಎಲ್ಲಿಯೂ ಆಗಿರದಿದ್ದರೆ ‘ಒಂದಕ್ಕೆ ಒಂದು’. ಜೀಬ್ರಾಮೀನಿನಲ್ಲಿ ಹುಡುಕುವವರು ಇದನ್ನು ವಿಶೇಷವಾಗಿ ನೆನಪಿಡಬೇಕು, ಏಕೆಂದರೆ ಮೂಳೆಮೀನುಗಳ ಬಹುದೊಡ್ಡ ಗುಂಪಿನ ಪೂರ್ವಜನಲ್ಲಿ ಇಡೀ ಜೀನೋಮ್ ಒಮ್ಮೆ ಇಮ್ಮಡಿಯಾಗಿದ್ದರಿಂದ ಮಾನವನ ಒಂದು ಜೀನಿಗೆ ಅಲ್ಲಿ ಎಷ್ಟೋ ಸಲ ಜೋಡಿ ಬಂಧುಗಳು ಸಿಗುತ್ತವೆ. ಪ್ಯಾಕ್ಸ್6 ಅಲ್ಲಿ ಪ್ಯಾಕ್ಸ್6ಎ ಮತ್ತು ಪ್ಯಾಕ್ಸ್6ಬಿ ಆಗಿದೆ. ಒಂದನ್ನು ಮಾತ್ರ ಕೆಡಿಸಿ, ಏನೂ ಆಗಲಿಲ್ಲವೆಂದು ತೀರ್ಮಾನಿಸುವುದು ಆತುರವಾಗುತ್ತದೆ.

ಹುಡುಕಾಟದ ಕ್ರಮ

ಮೊದಲು ನೋಡಬೇಕಾದದ್ದು ಈಗಾಗಲೇ ಸಿದ್ಧವಿರುವ ಉತ್ತರಗಳನ್ನು. ಜೀನುಗಳ ವಂಶವೃಕ್ಷವನ್ನು ಕಟ್ಟುವ ಗಣನಾವಿಧಾನಗಳು ಹಲವಾರಿವೆ; ಕೆಲವು ಅನುಕ್ರಮಗಳ ಜೋಡಿ ಹೋಲಿಕೆಯಿಂದ, ಕೆಲವು ವೃಕ್ಷ ರಚನೆಯಿಂದ, ಕೆಲವು ಎರಡನ್ನೂ ಬೆರೆಸಿ ಆರ್ಥೊಲಾಗ್‌ಗಳನ್ನು ಊಹಿಸುತ್ತವೆ. ಒಂದೊಂದೂ ಬೇರೆ ಬೇರೆ ಕಡೆ ಎಡವುವುದರಿಂದ, ಹಾರ್ವರ್ಡ್ ವೈದ್ಯಕೀಯ ಶಾಲೆಯ ಡ್ರೊಸೊಫಿಲಾ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಡಯಾಪ್ಟ್ ಎಂಬ ಸಾಧನವು ಇವೆಲ್ಲವುಗಳ ಅಭಿಪ್ರಾಯವನ್ನು ಒಟ್ಟುಗೂಡಿಸಿ, ಎಷ್ಟು ವಿಧಾನಗಳು ಒಂದು ಜೋಡಿಯನ್ನು ಒಪ್ಪುತ್ತವೆ ಎಂಬುದನ್ನೇ ಅಂಕವಾಗಿ ಕೊಡುತ್ತದೆ. ಮಾನವ ಜೀನಿನ ಸಂಕೇತವನ್ನು ಕೊಟ್ಟು ಜೀವಿಯನ್ನು ಆರಿಸಿದರೆ ಸಾಕು. ನೊಣ, ಹುಳು, ಮೀನು, ಇಲಿ, ಯೀಸ್ಟ್‌ಗಳ ಪ್ರತ್ಯೇಕ ದತ್ತಸಂಚಯಗಳಾದ ಫ್ಲೈಬೇಸ್, ವರ್ಮ್‌ಬೇಸ್, ಝಡ್‌ಫಿನ್, ಎಂಜಿಐ, ಎಸ್‌ಜಿಡಿಗಳನ್ನು ಒಂದೇ ಚಾವಡಿಗೆ ತರುವ ಅಲೈಯನ್ಸ್ ಆಫ್ ಜೀನೋಮ್ ರಿಸೋರ್ಸಸ್ ಕೂಡ ಇಂಥ ಒಟ್ಟುಗೂಡಿಸಿದ ಪಟ್ಟಿಯನ್ನೇ ತೋರಿಸಿ, ಜೊತೆಗೆ ಆ ಜೀನ್ ಕೆಟ್ಟಾಗ ಯಾವ ಲಕ್ಷಣ ಕಂಡಿದೆ, ಯಾವ ಅಂಗಾಂಶದಲ್ಲಿ ಅದು ಸಕ್ರಿಯವಾಗಿದೆ ಎಂಬ ವಿವರವನ್ನೂ ಒದಗಿಸುತ್ತದೆ. ಮಾನವ ರೋಗದಿಂದ ಆರಂಭಿಸುವವರು ಮೊದಲು ಆನುವಂಶಿಕ ರೋಗಗಳ ಕೋಶವಾದ ಓಮಿಮ್‌ನಲ್ಲಿ ರೋಗಕ್ಕೆ ಕಾರಣವಾದ ಜೀನನ್ನು ಖಚಿತಪಡಿಸಿಕೊಂಡು ಇಲ್ಲಿಗೆ ಬರಬೇಕು.

ಅಂಕವನ್ನು ಓದುವುದರಲ್ಲಿ ವಿವೇಚನೆ ಬೇಕು. ಹೆಚ್ಚಿನ ವಿಧಾನಗಳು ಒಪ್ಪಿದ್ದು, ಮಾನವನಿಂದ ನೊಣಕ್ಕೂ ನೊಣದಿಂದ ಮಾನವನಿಗೂ ಎರಡೂ ದಿಕ್ಕಿನಲ್ಲಿ ಅದೇ ಜೋಡಿ ಮೊದಲ ಸ್ಥಾನದಲ್ಲಿದ್ದರೆ ಅನುಮಾನಕ್ಕೆ ಹೆಚ್ಚು ಎಡೆಯಿಲ್ಲ. ಒಂದೆರಡು ವಿಧಾನಗಳು ಮಾತ್ರ ಒಪ್ಪಿದ್ದನ್ನು ಹಾಗೆಯೇ ಸ್ವೀಕರಿಸಬಾರದು, ತಳ್ಳಿಹಾಕಲೂ ಬಾರದು; ಅದು ಕೈಯಾರೆ ಪರಿಶೀಲಿಸಬೇಕೆಂಬ ಸೂಚನೆ. ಮರುದಿಕ್ಕಿನ ಹುಡುಕಾಟವನ್ನು ಬಿಡುವಂತೆಯೇ ಇಲ್ಲ: ಯುಟ್ರೊಫಿನ್‌ನಿಂದ ಹೊರಟವರಿಗೆ ನೊಣದ ‘ಡಿಸ್’ ಸಿಕ್ಕಿದಾಗ, ಅಲ್ಲಿಂದ ಹಿಂದಿರುಗಿದರೆ ಮಾತ್ರ ಅದಕ್ಕೆ ಇನ್ನಿಬ್ಬರು ಹಕ್ಕುದಾರರಿದ್ದಾರೆಂದು ತಿಳಿಯುತ್ತದೆ.

ಕೈಯಾರೆ ಪರಿಶೀಲನೆಗೆ ಹಳೆಯ ಆಯುಧ 1990ರಲ್ಲಿ ಪ್ರಕಟವಾದ ಬ್ಲಾಸ್ಟ್. ಇದು ಕೊಟ್ಟ ಅನುಕ್ರಮವನ್ನು ದತ್ತಸಂಚಯದ ಪ್ರತಿಯೊಂದು ಅನುಕ್ರಮದ ಜೊತೆ ಹೋಲಿಸಿ, ಹೊಂದುವ ತುಣುಕುಗಳನ್ನು ಮುಂದಿಡುತ್ತದೆ. ದೂರದ ಜೀವಿಗಳ ನಡುವೆ ಹುಡುಕುವಾಗ ಡಿಎನ್‌ಎಯನ್ನಲ್ಲ, ಪ್ರೋಟೀನ್ ಅನುಕ್ರಮವನ್ನೇ ಕೊಡಬೇಕು. ಒಂದೇ ಅಮೈನೋ ಆಮ್ಲವನ್ನು ಹಲವು ಮೂರಕ್ಷರದ ಸಂಕೇತಗಳು ಸೂಚಿಸಬಲ್ಲವಾದ್ದರಿಂದ ಡಿಎನ್‌ಎ ಅಕ್ಷರಗಳು ಬದಲಾಗಿ ಹೋದ ಮೇಲೂ ಪ್ರೋಟೀನಿನಲ್ಲಿ ಹೋಲಿಕೆ ಉಳಿದಿರುತ್ತದೆ. ಫಲಿತಾಂಶದ ಜೊತೆ ಬರುವ ಇ-ಮೌಲ್ಯವೆಂದರೆ, ಅಷ್ಟು ದೊಡ್ಡ ದತ್ತಸಂಚಯದಲ್ಲಿ ಅಷ್ಟು ಒಳ್ಳೆಯ ಹೊಂದಿಕೆ ಬರಿಯ ಆಕಸ್ಮಿಕದಿಂದ ಎಷ್ಟು ಸಲ ಸಿಗಬಹುದು ಎಂಬ ಅಂದಾಜು; ಅದು ಸೊನ್ನೆಗೆ ಹತ್ತಿರವಾದಷ್ಟೂ ಹೊಂದಿಕೆ ಅರ್ಥಪೂರ್ಣ. ಎರಡು ಪ್ರೋಟೀನುಗಳ ಬಹುಪಾಲು ಉದ್ದಕ್ಕೆ ಶೇ. 30ಕ್ಕಿಂತ ಹೆಚ್ಚು ಅಮೈನೋ ಆಮ್ಲಗಳು ಒಂದೇ ಆಗಿದ್ದರೆ ಅವು ಬಂಧುಗಳೆಂದು ಸಾಮಾನ್ಯವಾಗಿ ಒಪ್ಪಬಹುದು; ಆದರೆ ಶೇ. 20ರಿಂದ 35ರ ನಡುವಿನ ಪ್ರದೇಶವನ್ನು ವಿಜ್ಞಾನಿಗಳು ಮುಸ್ಸಂಜೆ ವಲಯವೆಂದು ಕರೆಯುವುದು ಅಲ್ಲಿ ಬಂಧುವೂ ಅಪರಿಚಿತನೂ ಒಂದೇ ರೀತಿ ಕಾಣುವುದರಿಂದ.

ಇ-ಮೌಲ್ಯ ಬಂಧುತ್ವದ ಸಾಕ್ಷಿಯೇ ಹೊರತು ಆರ್ಥೊಲಾಗ್ ಎಂಬುದರ ಸಾಕ್ಷಿಯಲ್ಲ. ಡಿಸ್ಟ್ರೊಫಿನ್ನಿನ ಪೂರ್ಣ ಅನುಕ್ರಮವನ್ನು ನೊಣದ ಪ್ರೋಟೀನುಗಳ ವಿರುದ್ಧ ಹುಡುಕಿದರೆ ‘ಡಿಸ್’ ಮಾತ್ರವಲ್ಲದೆ ಸ್ಪೆಕ್ಟ್ರಿನ್, ಆಲ್ಫಾ ಆಕ್ಟಿನಿನ್ ಮೊದಲಾದ ಬೇರೆ ಮನೆತನದ ಪ್ರೋಟೀನುಗಳೂ ಕಾಣಿಸಿಕೊಳ್ಳಬಲ್ಲವು, ಏಕೆಂದರೆ ಅವುಗಳಲ್ಲಿಯೂ ಆಕ್ಟಿನ್ ಹಿಡಿಯುವ ಭಾಗವೂ ಸ್ಪೆಕ್ಟ್ರಿನ್ ಪುನರಾವರ್ತನೆಗಳೂ ಇವೆ. ಪ್ರೋಟೀನಿನಲ್ಲಿ ಸ್ವತಂತ್ರವಾಗಿ ಮಡಿಚಿಕೊಂಡು ತನ್ನದೇ ಕೆಲಸ ಮಾಡುವ ಇಂಥ ಭಾಗಕ್ಕೆ ಡೊಮೇನ್ ಎಂದು ಹೆಸರು. ವಿಕಾಸದಲ್ಲಿ ಡೊಮೇನ್‌ಗಳು ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಸೇರಿಕೊಳ್ಳುತ್ತ ಬಂದಿರುವುದರಿಂದ, ಹೊಂದಿಕೆ ಪ್ರೋಟೀನಿನ ಯಾವ ಭಾಗದಲ್ಲಿ ಎಷ್ಟು ಉದ್ದಕ್ಕೆ ಹರಡಿದೆ ಎಂಬುದನ್ನು ಕಣ್ಣಾರೆ ನೋಡದೆ ಮುಂದುವರಿಯಬಾರದು. ಡಿಸ್ಟ್ರೊಫಿನ್ನಿನ ವಿಷಯದಲ್ಲಿ ಮನೆತನವನ್ನು ನಿಶ್ಚಯಿಸುವುದು ನಡುವಿನ ಸರಪಳಿಯಲ್ಲ, ಸಿಸ್ಟೀನ್ ಹೆಚ್ಚಾಗಿರುವ ಕೊನೆಯ ಭಾಗ. ಇದೇ ಕಾರಣಕ್ಕೆ ಯಾವ ರೂಪವನ್ನು ಹುಡುಕಾಟಕ್ಕೆ ಕೊಡಲಾಗಿದೆ ಎಂಬುದೂ ಮುಖ್ಯ. ಡಿಎಂಡಿ ಜೀನಿನಿಂದಲೇ ಹೊರಡುವ ಡಿಪಿ71 ಎಂಬ ಮೋಟು ರೂಪದಲ್ಲಿ ಆಕ್ಟಿನ್ ಹಿಡಿಯುವ ಆರಂಭದ ಭಾಗವೂ ಇಲ್ಲ, ಸ್ಪೆಕ್ಟ್ರಿನ್ ಸರಪಳಿಯೂ ಇಲ್ಲ.

ಸಿಗದೆ ಹೋದಾಗ

ಹುಡುಕಿದ ಜೀನ್ ಸಿಗದಿರುವುದಕ್ಕೆ ಎರಡು ಕಾರಣಗಳಿರಬಹುದು: ಅದು ನಿಜವಾಗಿಯೂ ಆ ಜೀವಿಯಲ್ಲಿಲ್ಲ, ಇಲ್ಲವೇ ಗುರುತು ಸಿಗದಷ್ಟು ಬದಲಾಗಿದೆ. ಎರಡನೆಯದಕ್ಕೆ ಒಳ್ಳೆಯ ನಿದರ್ಶನ ಹಸಿವನ್ನು ನಿಯಂತ್ರಿಸುವ ಲೆಪ್ಟಿನ್ ಹಾರ್ಮೋನು. ಇಲಿಯಲ್ಲಿ 1994ರಲ್ಲಿಯೇ ಪತ್ತೆಯಾದ ಈ ಜೀನಿನ ಬಂಧು ಮೀನುಗಳಲ್ಲಿ ಬಹುಕಾಲ ಅನುಕ್ರಮ ಹುಡುಕಾಟಕ್ಕೆ ಸಿಕ್ಕಿರಲಿಲ್ಲ. 2005ರಲ್ಲಿ ಜಪಾನಿನ ಸಂಶೋಧಕರು ಪಫರ್ ಮೀನಿನಲ್ಲಿ ಅದನ್ನು ಕಂಡುಕೊಂಡಾಗ ಮಾನವನ ಲೆಪ್ಟಿನ್ನಿನೊಂದಿಗೆ ಅದರ ಹೋಲಿಕೆ ಕೇವಲ ಶೇ. 13ರಷ್ಟಿತ್ತು. ಅಷ್ಟು ಕಡಿಮೆ ಹೋಲಿಕೆಯಿದ್ದರೂ ಅದನ್ನು ಹಿಡಿದುಕೊಟ್ಟದ್ದು ನೆರೆಹೊರೆ: ಮಾನವ ಜೀನೋಮಿನಲ್ಲಿ ಲೆಪ್ಟಿನ್ನಿನ ಅಕ್ಕಪಕ್ಕ ಇರುವ ಜೀನುಗಳೇ ಮೀನಿನಲ್ಲಿಯೂ ಅದರ ಅಕ್ಕಪಕ್ಕ ಇದ್ದವು. ಜೀನುಗಳ ಸಾಲು ಹೀಗೆ ಉಳಿದುಬರುವುದನ್ನು ಸಿಂಟೆನಿ ಎನ್ನುತ್ತಾರೆ. ಮನೆ ಪೂರ್ತಿ ಬದಲಾಗಿದ್ದರೂ ಬೀದಿಯಲ್ಲಿನ ನೆರೆಯವರಿಂದ ಅದನ್ನು ಗುರುತಿಸಿದಂತೆ ಇದು. ಕಶೇರುಕಗಳೊಳಗೆ ಈ ಸಾಕ್ಷಿ ಬಹಳ ಬಲವಾದದ್ದು, ಎನ್‌ಸೆಂಬಲ್ ದತ್ತಸಂಚಯ ಪ್ರತಿ ಜೋಡಿಗೂ ನೆರೆಹೊರೆಯ ಅಂಕವನ್ನು ಕೊಡುವುದು ಇದಕ್ಕಾಗಿಯೇ. ನೊಣ ಅಥವಾ ಹುಳುವಿನವರೆಗೆ ಹೋದರೆ ಸಾಲುಗಳು ಬಹುಮಟ್ಟಿಗೆ ಚದುರಿಹೋಗಿರುವುದರಿಂದ ಇದು ಅಷ್ಟಾಗಿ ನೆರವಾಗದು.

ನಿಜವಾಗಿಯೂ ಇಲ್ಲದ ಜೀನೂ ಪ್ರಯೋಗದ ಬಾಗಿಲನ್ನು ಪೂರ್ತಿ ಮುಚ್ಚುವುದಿಲ್ಲ. ಪಾರ್ಕಿನ್ಸನ್ ಕಾಯಿಲೆಗೆ ಸಂಬಂಧಿಸಿದ ಆಲ್ಫಾ ಸೈನ್ಯೂಕ್ಲಿನ್ ಜೀನ್ ಹಣ್ಣುನೊಣದಲ್ಲಿಲ್ಲ. ಆದರೂ 2000ದಲ್ಲಿ ಮೆಲ್ ಫೀನಿ ಮತ್ತು ವೆಲ್ಕಮ್ ಬೆಂಡರ್ ಮಾನವನ ಆ ಜೀನನ್ನೇ ನೊಣಕ್ಕೆ ಸೇರಿಸಿದಾಗ ವಯಸ್ಸಾದಂತೆ ಡೋಪಮಿನ್ ನರಕೋಶಗಳು ನಶಿಸುವುದನ್ನು ಕಂಡರು. ಕೆಟ್ಟ ಪ್ರೋಟೀನ್ ಸೇರಿಕೊಂಡು ವಿಷವಾಗುವ ಬಗೆಯ ರೋಗಕ್ಕೆ ಈ ಉಪಾಯ ಸಲ್ಲುತ್ತದೆ; ಪ್ರೋಟೀನ್ ಇಲ್ಲದೆ ಹೋಗುವುದರಿಂದ ಬರುವ ರೋಗಕ್ಕೆ ಸಲ್ಲುವುದಿಲ್ಲ.

ಸಿಕ್ಕಿದ ಮೇಲೆ

ಆರ್ಥೊಲಾಗ್ ಖಚಿತವಾದ ಮೇಲೂ ಅದು ಕೆಟ್ಟಾಗ ಮಾನವನ ರೋಗವೇ ಕಾಣಿಸಿಕೊಳ್ಳಬೇಕೆಂದಿಲ್ಲ, ಮತ್ತು ಇದನ್ನು ಡಿಸ್ಟ್ರೊಫಿನ್ನಿನಷ್ಟು ಸ್ಪಷ್ಟವಾಗಿ ತೋರಿಸುವ ಜೀನ್ ಅಪರೂಪ. ಎಂಡಿಎಕ್ಸ್ ಎಂಬ ಇಲಿಯ ತಳಿಯಲ್ಲಿ ಡಿಎಂಡಿಯ 23ನೇ ಎಕ್ಸಾನಿನಲ್ಲಿ ಅಕಾಲಿಕ ಪೂರ್ಣವಿರಾಮ ಬಿದ್ದು ಡಿಸ್ಟ್ರೊಫಿನ್ ಸ್ನಾಯುಗಳಲ್ಲಿ ಇಲ್ಲವೆನ್ನುವಷ್ಟಾಗಿದೆ. ಆದರೂ ಆ ಇಲಿಯ ಸ್ಥಿತಿ ರೋಗಿಗಳಷ್ಟು ಗಂಭೀರವಲ್ಲ. ಪ್ಯಾರಾಲಾಗ್ ಆದ ಯುಟ್ರೊಫಿನ್ ಅಲ್ಲಿ ಕೊರತೆಯನ್ನು ಒಂದಷ್ಟು ತುಂಬುತ್ತಿತ್ತೆಂಬುದು 1997ರಲ್ಲಿ ಎರಡೂ ಜೀನುಗಳನ್ನು ಕಳೆದುಕೊಂಡ ಇಲಿಗಳಲ್ಲಿ ರೋಗ ತೀವ್ರವಾದಾಗ ದೃಢಪಟ್ಟಿತು. ಜೀಬ್ರಾಮೀನಿನ ‘ಸಾಪ್ಯೆ’ ಎಂಬ ಉತ್ಪರಿವರ್ತಿತ ತಳಿಯಲ್ಲಿ ಮರಿಹಂತದಲ್ಲಿಯೇ ಸ್ನಾಯುತಂತುಗಳು ತಮ್ಮ ಅಂಟುನೆಲೆಯಿಂದ ಕಳಚಿಕೊಳ್ಳುತ್ತವೆ. ದುಂಡುಹುಳುವಿನಲ್ಲಿ ‘ಡಿಸ್-1’ ಮಾತ್ರ ಕೆಟ್ಟರೆ ಹುಳು ಅತಿ ಚುರುಕಾಗಿ, ಮುಂದೆ ಹೋಗುವಾಗ ತಲೆಯನ್ನು ಅತಿಯಾಗಿ ಬಾಗಿಸುತ್ತದೆಯೇ ಹೊರತು ಸ್ನಾಯು ಅಷ್ಟಾಗಿ ಸವೆಯುವುದಿಲ್ಲ. ಸ್ನಾಯು ಬೆಳವಣಿಗೆಯ ಇನ್ನೊಂದು ಜೀನನ್ನೂ ದುರ್ಬಲಗೊಳಿಸಿದಾಗ ಮಾತ್ರ ಸವೆತ ಎದ್ದು ಕಾಣುತ್ತದೆ. ಹೀಗಾಗಿ ಲಕ್ಷಣದ ಹೋಲಿಕೆಯನ್ನು ಮೊದಲ ಕಸೋಟಿಯಾಗಿ ಹಿಡಿದರೆ ಹುಳುವನ್ನು ಕೈಬಿಡಬೇಕಾಗುತ್ತಿತ್ತು. ಕೈಬಿಡದವರಿಗೆ ಸವೆತವನ್ನು ತಗ್ಗಿಸುವ ಅಥವಾ ಹೆಚ್ಚಿಸುವ ಬೇರೆ ಜೀನುಗಳನ್ನು ಬೇಗ ಜಾಲಾಡುವ ದಾರಿ ತೆರೆಯಿತು.

ಕೆಲಸದ ಸಮಾನತೆಗೆ ನಿಜವಾದ ಪರೀಕ್ಷೆ ಅದಲುಬದಲು. 1987ರಲ್ಲಿ ಮೆಲನಿ ಲೀ ಮತ್ತು ಪಾಲ್ ನರ್ಸ್ ಸಿಡಿಸಿ2 ಕೆಟ್ಟಿದ್ದ ವಿದಳನ ಯೀಸ್ಟಿಗೆ ಮಾನವ ಜೀನುಗಳ ಸಂಗ್ರಹವನ್ನೇ ಸುರಿದು, ಆ ಜೀವಕೋಶಗಳನ್ನು ಮತ್ತೆ ವಿಭಜಿಸುವಂತೆ ಮಾಡಿದ ಮಾನವ ಜೀನನ್ನು ಹೆಕ್ಕಿ ತೆಗೆದರು. ಇಂದು ಸಿಡಿಕೆ1 ಎಂದು ಕರೆಯುವ ಈ ಜೀನ್ ಸಿಕ್ಕದ್ದು ಅನುಕ್ರಮ ಹುಡುಕಾಟದಿಂದಲ್ಲ, ಕೆಲಸದಿಂದ. 2015ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಎಡ್ವರ್ಡ್ ಮಾರ್ಕೊಟ್ ತಂಡ ಯೀಸ್ಟಿನ 414 ಅತ್ಯಗತ್ಯ ಜೀನುಗಳ ಜಾಗದಲ್ಲಿ ಮಾನವನ ಬಂಧುಗಳನ್ನು ಪರೀಕ್ಷಿಸಿದಾಗ ಸುಮಾರು ಅರ್ಧದಷ್ಟು ಕೆಲಸ ಮಾಡಿದವು. ಯಾವುದು ಒಗ್ಗುತ್ತದೆ ಎಂಬುದನ್ನು ಅನುಕ್ರಮದ ಹೋಲಿಕೆಗಿಂತ ಆ ಜೀನ್ ಯಾವ ಕಾರ್ಯಗುಂಪಿಗೆ ಸೇರಿದೆ ಎಂಬುದೇ ಚೆನ್ನಾಗಿ ಮುನ್ಸೂಚಿಸಿತು. ರೋಗಿಯಲ್ಲಿ ಕಂಡ ಒಂದೇ ಅಕ್ಷರದ ಬದಲಾವಣೆಯನ್ನು ಪರೀಕ್ಷಿಸಬಯಸುವವರು ಇನ್ನೂ ಒಂದು ಹೆಜ್ಜೆ ಕೆಳಗಿಳಿದು, ಎರಡು ಪ್ರೋಟೀನುಗಳನ್ನು ಒಂದರ ಕೆಳಗೊಂದು ಜೋಡಿಸಿ, ಆ ಜಾಗದ ಅಮೈನೋ ಆಮ್ಲ ಮಾದರಿ ಜೀವಿಯಲ್ಲಿಯೂ ಅದೇ ಆಗಿದೆಯೇ ಎಂದು ನೋಡಬೇಕು. ಸ್ಥಾನಸಂಖ್ಯೆ ಎರಡರಲ್ಲೂ ಒಂದೇ ಇರುತ್ತದೆಂದು ನಂಬಕೂಡದು.

ತಳಿಗಳನ್ನು ಪಡೆಯುವುದು ಮುಂದಿನ ಹಂತ. ಕರ್ನಾಟಕದಲ್ಲಿ ಮೈಸೂರು ವಿಶ್ವವಿದ್ಯಾಲಯದ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಮತ್ತು ಬೆಂಗಳೂರಿನ ಸಿ-ಕ್ಯಾಂಪ್ ಸಂಸ್ಥೆಯ ನೊಣ ಘಟಕ ಇದಕ್ಕೆ ನೆರವಾಗುತ್ತವೆ. ಆದರೆ ತಳಿಗೆ ಬೇಡಿಕೆ ಸಲ್ಲಿಸುವ ಮೊದಲು ಪ್ರಯೋಗದ ಪುಸ್ತಕದಲ್ಲಿ ಬಳಸಿದ ಗುರುತುಸಂಖ್ಯೆ, ಪ್ರೋಟೀನಿನ ರೂಪ, ದತ್ತಸಂಚಯದ ಆವೃತ್ತಿ, ದಿನಾಂಕ ಮತ್ತು ಡಯಾಪ್ಟ್ ಅಂಕಗಳನ್ನು ಬರೆದಿಟ್ಟಿರಬೇಕು, ಏಕೆಂದರೆ ಜೀನೋಮ್‌ಗಳು ಪರಿಷ್ಕಾರಗೊಂಡಂತೆ ಈ ಪಟ್ಟಿಗಳೂ ಬದಲಾಗುತ್ತವೆ. ಡಿಎಂಡಿಯ ಹುಡುಕಾಟದ ಪುಟದಲ್ಲಿ ‘ಡಿಸ್’ ಎಂಬ ಒಂದು ಹೆಸರಷ್ಟೇ ಇದ್ದರೆ ಸಾಲದು. ಅದರ ಪಕ್ಕದಲ್ಲಿ ಯುಟ್ರೊಫಿನ್ ಮತ್ತು ಡಿಆರ್‌ಪಿ2 ಹೆಸರುಗಳೂ, ಕೆಳಗೆ ಬೇರೆ ಸಾಲಿನಲ್ಲಿ ‘ಡಿಬ್’ ಕೂಡ ಇರಬೇಕು.